ಒಳಚರಂಡಿ, ಸಂಪುಟ ಎರಡು

ಬೆಳಿಗ್ಗೆ ಒಂಬತ್ತೂಕಾಲಿಗೆ ಗ್ರಂಥಾಲಯದ ಬೈಂಡರ್ ತನ್ನ ಕೋಣೆಗೆ ಬಂದಾಗ ಮೇಜಿನ ಮೇಲಿದ್ದ ಪುಸ್ತಕ ಅಲ್ಲಿರಲಿಲ್ಲ.

ಅದು 'ಪಟ್ಟಣದ ಒಳಚರಂಡಿ ವ್ಯವಸ್ಥೆ, ಸಂಪುಟ ಎರಡು'. ಆ ಗ್ರಂಥಾಲಯದಲ್ಲಿ ಯಾರೂ ಯಾವತ್ತೂ ಅದನ್ನು ಕೇಳಿದ್ದಿಲ್ಲ. ಮೊದಲನೇ ಸಂಪುಟವನ್ನು ಒಬ್ಬರು ಮನೆಗೆ ಒಯ್ದಿದ್ದರು. ಅದೂ ಅಲುಗಾಡುವ ಮಂಚದ ಕಾಲಿಗೆ ಇಡಲು ಎಂಬುದು ಆಮೇಲೆ ತಿಳಿದುಬಂದಿತ್ತು. ಇಂಥ ಪುಸ್ತಕ ಕಾಣೆಯಾದರೆ ಯಾವ ಬೈಂಡರನೂ ಬೆವರಬೇಕಾಗಿಲ್ಲ. ಈ ಬೈಂಡರ್ ಮಾತ್ರ ನಿಂತಲ್ಲೇ ನೀರಾದ. ಏಕೆಂದರೆ ಆ ಹಸಿರು ರಟ್ಟುಗಳ ನಡುವೆ ಒಳಚರಂಡಿ ಇರಲಿಲ್ಲ, ಒಂದು ಇ-ರೀಡರ್ ಇತ್ತು.

ಅವನ ಕಣ್ಣು ಕೆಲಕಾಲದಿಂದ ಕೈಕೊಡುತ್ತ ಬಂದಿತ್ತು. ಅಚ್ಚಿನ ಅಕ್ಷರಗಳು ಮೊದಲು ಇರುವೆಗಳಾದವು, ಆಮೇಲೆ ಇರುವೆ ನಡೆದುಹೋದ ದಾರಿಯಾದವು. ಕನ್ನಡಕ ಬದಲಿಸಿ ಪ್ರಯೋಜನವಿಲ್ಲ, ದೋಷ ಕಣ್ಣಿನ ಒಳಪದರದಲ್ಲಿದೆ ಎಂದು ಡಾಕ್ಟರು ಹೇಳಿ ಕೈತೊಳೆದುಕೊಂಡಿದ್ದರು. ಹೊಲಿಗೆ, ಅಂಟು, ಕತ್ತರಿಕೆ ಎಲ್ಲವೂ ಬೆರಳಿಗೆ ಗೊತ್ತಿದ್ದ ಕೆಲಸವಾದ್ದರಿಂದ ಅದು ಹೇಗೋ ನಡೆಯುತ್ತಿತ್ತು. ಆದರೆ ಸಂಗತಿ ಆಫೀಸಿಗೆ ತಿಳಿದರೆ ಒಂದು ವೈದ್ಯಕೀಯ ಸರ್ಟಿಫಿಕೇಟು ಬರೆಸಿ ಮನೆಗೆ ಕಳಿಸುತ್ತಾರೆ ಎಂಬುದರಲ್ಲಿ ಅವನಿಗೆ ಅನುಮಾನವಿರಲಿಲ್ಲ. ಮನೆಯಲ್ಲಿ ಅಕ್ಕ ಮತ್ತು ಭಾವ ಇದ್ದರು. ನಿವೃತ್ತರಾದ ಭಾವನಿಗೆ ತಮ್ಮ ವರ್ಗಾವಣೆಗಳ ಕತೆ ಹೇಳಲು ದಿನವಿಡೀ ಒಂದು ಕಿವಿ ಬೇಕಾಗಿತ್ತು. ಅಕ್ಕನ ಎರಡು ಕಿವಿಗಳೂ ಎಂದೋ ಸೋತು ಸುಣ್ಣವಾಗಿದ್ದವು. ಬೈಂಡಿಂಗ್ ಕೋಣೆ ಒಂದಿರುವುದರಿಂದ ತಾನು ಬದುಕಿದ್ದೇನೆ ಎಂದು ಬೈಂಡರ್ ನಂಬಿದ್ದ.

ಇ-ರೀಡರ್ ಕೊಟ್ಟವಳು ಅಕ್ಕನ ಮಗಳು. ಅವಳು ಹೊಸದು ಕೊಂಡು ಹಳೆಯದನ್ನು ಮಾಮನ ಕೈಗಿಟ್ಟು, ಇದರಲ್ಲಿ ಅಕ್ಷರ ಎಷ್ಟು ಬೇಕಾದರೂ ದಪ್ಪ ಮಾಡಿಕೊಳ್ಳಬಹುದು ಎಂದು ತೋರಿಸಿಕೊಟ್ಟಿದ್ದಳು. ಬೈಂಡರ್ ದಪ್ಪ ಮಾಡುತ್ತ ಹೋದ. ಅಕ್ಷರಗಳು ನಿಂಬೆಹಣ್ಣಿನಷ್ಟಾದಾಗ ನಿಲ್ಲಿಸಿದ. ಪರದೆ ತುಂಬಾ ಏಳೆಂಟು ಪದ ಹಿಡಿಸುತ್ತಿದ್ದವು. ಒಂದು ಕೊಲೆ ನಡೆಯಲು ಮೂರು ಪುಟ, ಹೆಣ ಬೀಳಲು ಇನ್ನೆರಡು ಪುಟ ಬೇಕಾಗುತ್ತಿತ್ತು. ಇರಲಿ. ಜೀವಮಾನವಿಡೀ ಪರರ ಪುಸ್ತಕ ಹೊಲಿದವನು ಮೊದಲ ಸಲ ತನ್ನ ಖುಷಿಗೆ ಓದತೊಡಗಿದ್ದ. ಊಟದ ಡಬ್ಬಿ ತೆರೆದಿಟ್ಟು, ತುತ್ತು ಕೈಯಲ್ಲೇ ಒಣಗಿಸಿಕೊಂಡು, ಒಂದರ ಹಿಂದೆ ಒಂದು ಪತ್ತೇದಾರಿ ಕಾದಂಬರಿ ಮುಗಿಸುತ್ತಿದ್ದ.

ಇದನ್ನು ರಟ್ಟಿನೊಳಗೆ ಅಡಗಿಸಲು ಕಾರಣ ಮೇಡಂ. ಗ್ರಂಥಾಲಯದ ಮುಖ್ಯಸ್ಥೆಯಾದ ಮೇಡಂಗೆ ಪರದೆ ಇರುವ ಯಾವ ಯಂತ್ರವನ್ನು ಕಂಡರೂ ಆಗುತ್ತಿರಲಿಲ್ಲ. ಓದುಗರನ್ನು ಕದ್ದೊಯ್ದದ್ದು ಅವೇ ಎಂಬುದು ಅವರ ದೂರು. ಒಳಗೆ ಬರುವವರು ಫೋನನ್ನು ಬಾಗಿಲ ಕಾವಲುಗಾರನ ಪೆಟ್ಟಿಗೆಯಲ್ಲಿ ಹಾಕಬೇಕು, ಸಿಬ್ಬಂದಿಯೂ ಹಾಕಬೇಕು. ಹಾಗಾಗಿ ಬೈಂಡರ್ ತನಗೆ ಗೊತ್ತಿದ್ದ ವಿದ್ಯೆಯನ್ನೇ ಬಳಸಿದ. ಒಳಚರಂಡಿಯ ಎರಡನೇ ಸಂಪುಟ ಆಗ ದುರಸ್ತಿಗೆ ಬಂದಿತ್ತು. ಹಾಳೆಗಳನ್ನು ಹುಳು ತಿಂದು ಮುಟ್ಟಿದರೆ ಹಿಟ್ಟಾಗುತ್ತಿದ್ದವು, ರಟ್ಟು ಮಾತ್ರ ಕಲ್ಲಿನಂತಿತ್ತು. ಆ ಹಿಟ್ಟನ್ನು ಕಸಕ್ಕೆ ಸುರಿದು, ರದ್ದಿ ಕಾಗದದ ಕಟ್ಟೊಂದನ್ನು ಒಳಗೆ ಅಂಟಿಸಿ, ನಡುವೆ ಯಂತ್ರದ ಅಳತೆಗೆ ಗುಳಿ ಕೊರೆದು ಕೂರಿಸಿದ್ದ. ಮುಚ್ಚಿಟ್ಟರೆ ಯಾವ ದಿಕ್ಕಿನಿಂದಲೂ ಅದು ಪುಸ್ತಕವೇ. ಅವನು ಮಾಡಿದ ಬೈಂಡುಗಳಲ್ಲೆಲ್ಲ ಅಷ್ಟು ಅಚ್ಚುಕಟ್ಟಾದದ್ದು ಇನ್ನೊಂದಿರಲಿಲ್ಲ.

ಬೈಂಡರ್ ಕಾವಲುಗಾರನನ್ನು ಕೇಳಿದ. ಬೆಳಿಗ್ಗೆ ಬೇಗ ಬಂದವನು ನಂಬರ್ ಒಬ್ಬನೇ ಎಂದು ಗೊತ್ತಾಯಿತು.

ನಂಬರ್ ಎಂದರೆ ಪುಸ್ತಕಗಳನ್ನು ಕಪಾಟಿಗೆ ಜೋಡಿಸುವವನು. ಪುಸ್ತಕಗಳನ್ನು ಅವನು ಬೆನ್ನಿನ ಮೇಲಿನ ಸಂಖ್ಯೆಯಿಂದಷ್ಟೇ ಬಲ್ಲ. ಸೇರಿದಂದಿನಿಂದ ಒಂದನ್ನೂ ತೆರೆದವನಲ್ಲ. ಈಗಲೂ ಅವನು ಏಣಿಯ ಮೇಲೆ ನಿಂತು ಬೆನ್ನುಗಳನ್ನು ಸಾಲಿಗೆ ತಳ್ಳುತ್ತಿದ್ದ.

"ನನ್ನ ಮೇಜಿನ ಮೇಲೆ ಹಸಿರು ಪುಸ್ತಕ ಇತ್ತಲ್ಲೋ."

"ನಿಮ್ಮದಲ್ಲ ಅಣ್ಣಾ, ಗ್ರಂಥಾಲಯದ್ದು," ಎಂದ ನಂಬರ್ ಕೆಳಗೆ ನೋಡದೆ. "ಮೇಡಂ ಕೇಳಿದ್ರು, ಗಾಜಿನ ಬೀರುನಲ್ಲಿ ಇಟ್ಟೆ. ಎಷ್ಟು ದಿನ ಆಯ್ತು ದುರಸ್ತಿಗೆ ಹೋಗಿ. ನೀವು ಅದನ್ನ ಸಾಕ್ಕೋತೀರೋ ಏನೋ ಅಂದ್ಕೊಂಡಿದ್ದೆ."

ಗಾಜಿನ ಬೀರು ಓದುವ ಹಾಲಿನ ನಟ್ಟನಡುವೆ ಇತ್ತು. ಆ ದಿನ ಹನ್ನೊಂದು ಗಂಟೆಗೆ ಪುರಸಭೆಯ ಸಮಿತಿ ಬರುವುದಿತ್ತು. ಓದುಗರಿಲ್ಲದ ಗ್ರಂಥಾಲಯವನ್ನು ಮುಚ್ಚಬೇಕೇ ಬೇಡವೇ ಎಂದು ತೀರ್ಮಾನಿಸುವ ಸಮಿತಿ ಅದು. ಮುಚ್ಚುವುದೇ ಖಚಿತ, ಬರುವುದು ಶಾಸ್ತ್ರಕ್ಕೆ ಎಂಬ ಸುದ್ದಿ ಕಾವಲುಗಾರನವರೆಗೂ ಮುಟ್ಟಿತ್ತು. ಆದರೆ ಮೇಡಂ ಕೈಕಟ್ಟಿ ಕೂರುವವರಲ್ಲ. ಸಮಿತಿಯ ಪ್ರತಿ ಸದಸ್ಯರ ವೃತ್ತಿ ಏನೆಂದು ಪತ್ತೆಹಚ್ಚಿ, ಆ ವೃತ್ತಿಗೆ ಸೇರಿದ ಹಳೆಯ ಪುಸ್ತಕವೊಂದನ್ನು ಬೀರುವಿನಲ್ಲಿ ಇಡಿಸಿದ್ದರು. ಪಶುವೈದ್ಯರಿಗೆ ದನಗಳ ಕಾಲುಬಾಯಿ ರೋಗ, ವಕೀಲರಿಗೆ ಆಸ್ತಿ ವಿಭಾಗ. ಅಧ್ಯಕ್ಷರು ಒಳಚರಂಡಿ ಇಲಾಖೆಯ ನಿವೃತ್ತ ಎಂಜಿನಿಯರು.

ಬೈಂಡರ್ ಬೀರುವಿನ ಮುಂದೆ ನಿಂತು, ಹಸಿರು ಬೆನ್ನನ್ನು ನೋಡಿ, ಬೀಗವನ್ನು ನೋಡಿ, ಮತ್ತೆ ಬೆನ್ನನ್ನು ನೋಡುತ್ತಿರುವಾಗ ಹಿಂದಿನಿಂದ ಮೇಡಂ ಬಂದರು. ಅವರ ಮುಖದಲ್ಲಿ ಅಪರೂಪದ ಪ್ರಸನ್ನತೆ ಇತ್ತು. ಊಟದ ಹೊತ್ತಿನಲ್ಲಿ ಅವನು ಆ ಪುಸ್ತಕದೊಳಗೆ ತಲೆ ಹುದುಗಿಸಿ ಕೂತದ್ದನ್ನು ತಾವು ಕಿಟಕಿಯಿಂದ ಎಷ್ಟೋ ಸಲ ಕಂಡಿದ್ದಾಗಿ, ಕಂಡು ಮನಸ್ಸು ತುಂಬಿ ಬಂದದ್ದಾಗಿ ಹೇಳಿದರು.

"ಅಧ್ಯಕ್ಷರಿಗೆ ಇದನ್ನೇ ಹೇಳ್ತೀನಿ. ನಮ್ಮ ಬೈಂಡರ್ ಕೂಡ ಓದ್ತಾರೆ ಅಂತ. ನೀವೂ ಒಂದೆರಡು ಮಾತು ಆಡ್ಬೇಕು."

"ಯಾವುದರ ಬಗ್ಗೆ ಮೇಡಂ?"

"ಒಳಚರಂಡಿ ಬಗ್ಗೆ."

ಬೈಂಡರ್ ಆಗಲಿ ಎಂದ.

ಕೋಣೆಗೆ ಮರಳಿ ಬಾಗಿಲು ಹಾಕಿಕೊಂಡು ಯೋಚಿಸಿದ. ಬೀರುವಿನಿಂದ ಪುಸ್ತಕವನ್ನು ಸುಮ್ಮನೆ ತೆಗೆದರೆ ಆ ಜಾಗ ಹಲ್ಲು ಕಿತ್ತ ಬಾಯಿಯಂತೆ ಕಾಣುತ್ತದೆ. ಬದಲಿಗೆ ಒಂದನ್ನು ಇಡಲೇಬೇಕು. ದುರಸ್ತಿಯ ರಾಶಿಯಲ್ಲಿ ಅದೇ ಹಸಿರಿನ, ಅದೇ ಎತ್ತರದ ಒಂದು ಪುಸ್ತಕ ಸಿಕ್ಕಿತು. ಕೋಳಿ ಸಾಕಣೆ. ಬೆನ್ನಿನ ಮೇಲಿದ್ದ ಹೆಸರಿನ ಹಳೆಯ ಚೀಟಿಯನ್ನು ಒದ್ದೆ ಬಟ್ಟೆಯಿಂದ ಉಜ್ಜಿ ಕಿತ್ತ. ಹೊಸ ಚೀಟಿ ಕತ್ತರಿಸಿದ. ಈಗ ಅದರ ಮೇಲೆ ಸಣ್ಣ ಅಕ್ಷರದಲ್ಲಿ ಹೆಸರು ಬರೆಯಬೇಕು. ಪೆನ್ನಿನ ತುದಿ ಎಲ್ಲಿ ಮುಗಿಯುತ್ತದೆ, ಕಾಗದ ಎಲ್ಲಿ ಶುರುವಾಗುತ್ತದೆ ಎಂಬುದೇ ಅವನಿಗೆ ಕಾಣಲಿಲ್ಲ.

ಇಂಥ ಕೆಲಸಕ್ಕೆ ಅವನು ಪೇಪರ್ ತಾತನ ಮೊರೆ ಹೋಗುವುದಿತ್ತು. ತಾತ ಬಾಗಿಲು ತೆರೆದ ಕೂಡಲೇ ಬಂದು, ಎಲ್ಲ ಪತ್ರಿಕೆಗಳನ್ನೂ ಸಾವಿನ ಸುದ್ದಿಯಿಂದ ಶುರುಮಾಡಿ ಓದುವ ಖಾಯಂ ಗಿರಾಕಿ. ಕೈಬರಹ ಮುತ್ತಿನಂಥದ್ದು. ಬಾಯಿ ಮಾತ್ರ ಒಡೆದ ನಲ್ಲಿ.

ಬೈಂಡರ್ ಕರೆದಾಗ ತಾತ ಕೋಣೆಗೆ ಬಂದು ನಿಧಾನವಾಗಿ ಕೂತು, ನಿಬ್ಬನ್ನು ಒರೆಸಿ, ಮದುವೆ ಕರೆಯೋಲೆ ಬರೆಯುವವರಂತೆ ಒಂದೊಂದೇ ಅಕ್ಷರ ಇಳಿಸಿದರು. ಆಮೇಲೆ ರಟ್ಟನ್ನು ತಿರುಗಿಸಿ ನೋಡಿದರು.

"ತಮ್ಮಾ, ಈ ಹೆಸರಿನ ಪುಸ್ತಕ ಆಗಲೇ ಬೀರುನಲ್ಲಿ ಕಂಡೆನಲ್ಲ. ಇದ್ಯಾವುದು?"

"ಇನ್ನೊಂದು ಪ್ರತಿ ತಾತ."

"ಒಳಗೆ ಕೋಳಿ ಚಿತ್ರ ಇದೆ."

ಬೈಂಡರ್ ಪುಸ್ತಕವನ್ನು ಅವರ ಕೈಯಿಂದ ಮೆಲ್ಲಗೆ ಬಿಡಿಸಿಕೊಂಡ. ತಾತ ಏನೂ ಅನ್ನದೆ ಎದ್ದು ಹೋದರು. ಅದು ಕೆಟ್ಟ ಲಕ್ಷಣವಾಗಿತ್ತು. ಅವರು ನೇರ ಬಾಗಿಲಿಗೆ ಹೋಗಿ, ಬೈಂಡರ್ ಹಳೆಯ ಪುಸ್ತಕಕ್ಕೆ ನಕಲಿ ತಯಾರಿಸುತ್ತಿದ್ದಾನೆ ಎಂದು ಕಾವಲುಗಾರನಿಗೆ ಹೇಳಿದರು. ನಕಲಿ ಯಾಕೆ, ಅಸಲಿಯನ್ನು ಮಾರಿಕೊಳ್ಳಲು ಎಂದು ಕಾವಲುಗಾರ ಸೇರಿಸಿದ. ಸುದ್ದಿ ಏಣಿ ಹತ್ತಿ ನಂಬರಿನ ಕಿವಿ ಮುಟ್ಟುವಾಗ ಒಳಚರಂಡಿಯ ಎರಡನೇ ಸಂಪುಟಕ್ಕೆ ಹೊರದೇಶದಲ್ಲಿ ಗಿರಾಕಿ ಹುಟ್ಟಿಕೊಂಡಿದ್ದ.

ಬೈಂಡರ್ ಹೊಸ ಚೀಟಿಯನ್ನು ಕೋಳಿ ಪುಸ್ತಕದ ಬೆನ್ನಿಗೆ ಅಂಟಿಸಿ, ಅದನ್ನು ಅಂಗಿಯೊಳಗೆ ತೂರಿಸಿಕೊಂಡು ಹಾಲಿಗೆ ಬಂದಾಗ ನಂಬರ್ ಗಾಜಿನ ಬೀರುವಿಗೆ ಬೆನ್ನು ಕೊಟ್ಟು ನಿಂತಿದ್ದ.

"ಏಣಿ ಬಿಟ್ಟು ಇಲ್ಲೇನು ಮಾಡ್ತಿದ್ದೀಯೋ?"

"ಇವತ್ತು ಇಲ್ಲೇ ಇರ್ತೀನಿ ಅಣ್ಣಾ. ಕಾಲ ಸರಿ ಇಲ್ಲ."

ಬೈಂಡರ್ ಮೇಡಂ ಹತ್ತಿರ ಹೋಗಿ, ಒಳಚರಂಡಿಯ ಬೆನ್ನು ಸ್ವಲ್ಪ ಸಡಿಲವಾದಂತಿದೆ, ಅಧ್ಯಕ್ಷರು ಹಿಡಿದಾಗ ಕಳಚಿ ಬಂದರೆ ಮರ್ಯಾದೆ ಹೋಗುತ್ತದೆ, ಒಂದು ಹನಿ ಅಂಟು ಹಾಕಿಬಿಡುತ್ತೇನೆ ಎಂದ. ಮೇಡಂ ಮೆಚ್ಚಿ ಬೀಗದಕೈ ಕೊಟ್ಟರು. ಅದರ ಜೊತೆಗೆ ನಂಬರನ್ನೂ ಸಹಾಯಕ್ಕೆ ಕೊಟ್ಟರು. ಅವನು ಬಾಲದಂತೆ ಅಂಟಿಕೊಂಡ. ಬೈಂಡರ್ ಎಡಕ್ಕೆ ಸರಿದರೆ ಎಡಕ್ಕೆ, ಬಗ್ಗಿದರೆ ಬಗ್ಗಿ, ಉಸಿರು ಬಿಟ್ಟರೆ ಅದನ್ನೂ ಗಮನಿಸಿದ.

ಬೀಗ ತೆರೆದು ಅಸಲಿಯನ್ನು ಕೈಗೆ ತೆಗೆದುಕೊಂಡದ್ದಷ್ಟೇ, ಹೊರಗೆ ಕಾರಿನ ಬಾಗಿಲು ಬಡಿದ ಸದ್ದು ಕೇಳಿತು. ನಂಬರ್ ಆ ಕಡೆ ತಿರುಗಿದ. ಅದೊಂದು ಗಳಿಗೆ ಸಾಕಾಗಿತ್ತು. ಬೈಂಡರ್ ಅಂಗಿಯೊಳಗಿಂದ ಕೋಳಿ ಸಾಕಣೆಯನ್ನು ಎಳೆದ. ಚೀಟಿಯ ಅಂಟು ಇನ್ನೂ ಆರಿರಲಿಲ್ಲ. ಎಳೆದ ರಭಸಕ್ಕೆ ಅದು ಕಳಚಿ ಅವನ ಅಂಗೈಗೆ ಮೆತ್ತಿಕೊಂಡಿತು. ಎರಡೂ ಪುಸ್ತಕಗಳನ್ನು ಹಿಡಿದು, ಒಂದರ ಬೆನ್ನು ಬೋಳಾದದ್ದು ಕಾಣದೆ, ಯಾವುದು ಯಾವುದೆಂದು ತೂಕ ನೋಡಿ ಗುರುತಿಸಲು ಅವನು ತಡಕಾಡುತ್ತಿರುವಾಗಲೇ ಸಮಿತಿ ಒಳಗೆ ಬಂತು.

ಅಧ್ಯಕ್ಷರು ಎತ್ತರದ, ಬಾಗಿದ ಮನುಷ್ಯ. ಕನ್ನಡಕದ ಗಾಜು ಬಾಟಲಿಯ ತಳದಷ್ಟು ದಪ್ಪ. ಅವರ ಹಿಂದೆ ಪಶುವೈದ್ಯರು ಆಕಳಿಸುತ್ತ ಬಂದರು. ವಕೀಲರು ಗಡಿಯಾರ ನೋಡುತ್ತ ಬಂದರು. ಕೊನೆಗೆ ಫೈಲು ಹಿಡಿದ ಪುರಸಭೆಯ ಗುಮಾಸ್ತ ಬಂದ. ಮೇಡಂ ಸ್ವಾಗತದ ಮಾತಾಡಿ, ಮೊದಲಿಗೇ ಬೈಂಡರನನ್ನು ಮುಂದೆ ತಳ್ಳಿದರು.

"ಸರ್, ಇವರು ನಮ್ಮ ಬೈಂಡರ್. ನಿಮ್ಮ ಇಲಾಖೆಯ ಪುಸ್ತಕ ಓದದೆ ಇವರಿಗೆ ಊಟ ಇಳಿಯಲ್ಲ."

ಅಧ್ಯಕ್ಷರು ಕೈ ಚಾಚಿದರು. ಬೈಂಡರ್ ಪುಸ್ತಕಗಳನ್ನು ಕಂಕುಳಿಗೆ ಸೇರಿಸಿ ಕೈ ಕೊಟ್ಟ. ಕೈ ಹಿಂದಕ್ಕೆ ಬಂದಾಗ ಅಂಗೈ ಹಗುರಾಗಿತ್ತು. 'ಪಟ್ಟಣದ ಒಳಚರಂಡಿ ವ್ಯವಸ್ಥೆ' ಅಧ್ಯಕ್ಷರ ಅಂಗೈಯಲ್ಲಿತ್ತು. ಅವರಿಗದು ಗೊತ್ತಾಗಲಿಲ್ಲ. ಅದೇ ಕೈಯಿಂದ ಅವರು ಹಣೆ ಒರೆಸಿಕೊಂಡರು, ಚೀಟಿ ಅಲ್ಲಿಗೆ ವರ್ಗವಾಯಿತು. ಪಶುವೈದ್ಯರ ಆಕಳಿಕೆ ಅರ್ಧಕ್ಕೆ ನಿಂತಿತು. ಅಧ್ಯಕ್ಷರ ಹಣೆಯಲ್ಲಿ ಮುತ್ತಿನಂಥ ಅಕ್ಷರದಲ್ಲಿ ಒಳಚರಂಡಿ ಎಂದು ಬರೆದಿರುವುದನ್ನು ಎಲ್ಲರೂ ಓದಿದರು, ಹೇಳುವ ಧೈರ್ಯ ಯಾರಿಗೂ ಬರಲಿಲ್ಲ.

"ಎಲ್ಲಿ, ಕೊಡಿ ನೋಡೋಣ," ಎಂದರು ಅಧ್ಯಕ್ಷರು.

ಬೈಂಡರ್ ತೂಕ ನೋಡಿ ಹಗುರಾದದ್ದನ್ನು ಕೊಟ್ಟ. ಕೋಳಿಗಳು ಯಂತ್ರಕ್ಕಿಂತ ಹಗುರ ಎಂದು ಅವನ ಲೆಕ್ಕ. ಗುಳಿ ಕೊರೆದಾಗ ಎಷ್ಟು ಕಾಗದ ಹೋಗಿತ್ತು ಎಂಬುದನ್ನು ಅವನು ಮರೆತಿದ್ದ.

ಅಧ್ಯಕ್ಷರು ರಟ್ಟು ತೆರೆದರು. ಮಲಗಿದ್ದ ಯಂತ್ರದ ಅಂಚಿನ ಗುಂಡಿ ಅವರ ಹೆಬ್ಬೆರಳಿಗೆ ತಾಗಿ ಒಳಕ್ಕೆ ಹೋಯಿತು. ನಿಂಬೆಹಣ್ಣಿನ ಗಾತ್ರದ ಅಕ್ಷರಗಳು ಎದ್ದು ಬಂದವು. ಹಾಲಿನ ಮೂಲೆಯಲ್ಲಿ ನಿಂತವರಿಗೂ ಅವು ಕಾಣುತ್ತಿದ್ದವು. ಅಧ್ಯಕ್ಷರು ಗಟ್ಟಿಯಾಗಿ ಓದಿದರು.

"ಅವಳು ಬಾಗಿಲು ಹಾಕಿ ಸೆರಗಿನಿಂದ ಚಾಕು ತೆಗೆದಳು."

ವಕೀಲರು ಗಡಿಯಾರ ನೋಡುವುದನ್ನು ಬಿಟ್ಟರು.

"ನಮ್ಮ ಇಲಾಖೆಯಲ್ಲಿ ಇಂಥದ್ದೆಲ್ಲ ನಡೆದಿದ್ದು ನನಗೆ ನೆನಪಿಲ್ಲ," ಎಂದರು ಅಧ್ಯಕ್ಷರು.

ಮೇಡಂ ಹತ್ತಿರ ಬಂದು ನೋಡಿದರು. ಗ್ರಂಥಾಲಯದ ಸ್ವತ್ತನ್ನು ಕೊರೆದು ಹಾಳುಮಾಡಿದ್ದಾರೆ, ಅದರೊಳಗೆ ಪರದೆ ಇಟ್ಟಿದ್ದಾರೆ, ಅದೂ ಗ್ರಂಥಾಲಯದ ಪ್ರಾಣ ಹೋಗುವ ದಿನ. ಅವರು ನಂಬರಿನ ಕಡೆ ತಿರುಗಿ, ಬೀರುವಿನಲ್ಲಿ ಇದನ್ನು ಇಟ್ಟವನು ನೀನು, ಇವತ್ತು ಸಂಜೆಯೇ ನಿನ್ನ ಲೆಕ್ಕ ಮುಗಿಸುತ್ತೇನೆ ಎಂದು ಹಲ್ಲು ಕಚ್ಚಿ ಹೇಳಿದರು. ನಂಬರ್ ಬಾಯಿ ತೆರೆದ. ಸಂಖ್ಯೆ ಸರಿ ಇತ್ತು ಮೇಡಂ ಎಂಬಷ್ಟು ಮಾತ್ರ ಹೊರಬಂತು. ಅವನ ಕತ್ತಿನ ನರ ಅದುರುತ್ತಿತ್ತು.

ಬೈಂಡರನಿಗೆ ದೂರದ ವಸ್ತುಗಳು ಅಷ್ಟಿಷ್ಟು ಕಾಣುತ್ತಿದ್ದವು. ಆ ನರ ಕಂಡಿತು. ಕಾಣದಿದ್ದರೆ ಚೆನ್ನಾಗಿತ್ತು ಎಂದುಕೊಂಡ. ಸುಮ್ಮನಿದ್ದರೆ ತನ್ನ ಕೋಣೆ ಉಳಿಯಬಹುದು, ನಂಬರ್ ಉಳಿಯುವುದಿಲ್ಲ. ಬೆಳಗಿನಿಂದ ತನ್ನನ್ನು ಕಳ್ಳನಂತೆ ಕಾಯುತ್ತಿದ್ದವನಿಗಾಗಿ ಮನೆ ಸೇರಬೇಕೇ ಎಂದೂ ಅನ್ನಿಸಿತು. ಭಾವನ ವರ್ಗಾವಣೆಗಳು ಒಂದೊಂದಾಗಿ ಕಣ್ಣ ಮುಂದೆ ಬಂದವು.

"ಅದು ನಂದು ಮೇಡಂ," ಎಂದ. "ಅವನಿಗೇನೂ ಗೊತ್ತಿಲ್ಲ. ನನಗೆ ಅಚ್ಚಿನ ಅಕ್ಷರ ಕಾಣಲ್ಲ. ತುಂಬಾ ದಿನ ಆಯ್ತು. ಇದರಲ್ಲಿ ಕಾಣುತ್ತೆ. ಅದಕ್ಕೇ ಹೀಗೆ ಮಾಡ್ಕೊಂಡೆ."

ಮೇಡಂ ಉತ್ತರಿಸಲು ಉಸಿರೆಳೆದುಕೊಂಡರು. ಅಷ್ಟರಲ್ಲಿ ಅಧ್ಯಕ್ಷರ ಬೆರಳು ಪರದೆಗೆ ತಾಗಿ ಪುಟ ತಿರುಗಿತು. ಅವರು ಮುಂದಿನದನ್ನು ಮನಸ್ಸಿನಲ್ಲೇ ಓದಿದರು. ಮತ್ತೆ ಪುಟ ತಿರುಗಿಸಿದರು. ಹಿಂದೆ ಕೈ ಚಾಚಿ ಕುರ್ಚಿ ಎಳೆದು ಕೂತರು.

ವಕೀಲರು ಸಭೆ ಶುರುಮಾಡೋಣವೇ ಎಂದು ಕೇಳಿದರು. ಅಧ್ಯಕ್ಷರು ಕೈಯೆತ್ತಿ ತಡೆದರು. ಮತ್ತೊಮ್ಮೆ ಕೇಳಿದಾಗ, ಪೊಲೀಸು ಬಾಗಿಲಲ್ಲಿದ್ದಾನೆ, ಸುಮ್ಮನಿರಿ ಎಂದರು. ಪಶುವೈದ್ಯರು ಬೀರುವಿನ ಹತ್ತಿರ ಹೋಗಿ ತಮ್ಮ ಕಾಲುಬಾಯಿ ರೋಗದ ಪುಸ್ತಕ ತೆಗೆದು ನಿಂತಲ್ಲೇ ಹಾಳೆ ಮಗುಚಿದರು. ವಕೀಲರು ಕೂಡ ಆಸ್ತಿ ವಿಭಾಗ ಹಿಡಿದು ಕೂತರು. ಎಷ್ಟೋ ಕಾಲದ ಮೇಲೆ ಆ ಹಾಲಿನಲ್ಲಿ ಇಷ್ಟು ಜನ ಒಟ್ಟಿಗೆ ಓದುತ್ತಿದ್ದರು. ಇದನ್ನು ಯಾರೂ ಗಮನಿಸಲಿಲ್ಲ.

ಅಧ್ಯಕ್ಷರು ತಲೆಯೆತ್ತುವಾಗ ಮಧ್ಯಾಹ್ನವಾಗಿತ್ತು. ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಹಣೆಯ ಚೀಟಿ ಒಣಗಿ ಕೆಳಗೆ ಬಿತ್ತು.

"ಎಷ್ಟೋ ವರ್ಷದಿಂದ ನಾನು ಏನೂ ಓದಿರಲಿಲ್ಲ," ಎಂದರು ಮೆತ್ತಗೆ. "ಮನೇಲಿ ಸೊಸೆ ಪೇಪರ್ ಓದಿ ಹೇಳ್ತಾಳೆ. ಪುರಸಭೆ ಫೈಲನ್ನ ಗುಮಾಸ್ತ ಓದಿ ಹೇಳ್ತಾನೆ, ತೋರಿಸಿದ ಕಡೆ ಸಹಿ ಹಾಕ್ತೀನಿ. ಇಲ್ಲಿ ಏನಿದೆ ಅಂತ ಗೊತ್ತಿಲ್ಲದೇನೇ ಮುಚ್ಚೋಕೆ ಬಂದಿದ್ದೆ."

ಆಮೇಲೆ ಅವರು ಮೇಡಂ ಕಡೆ ತಿರುಗಿ, ಇದು ಯಾರ ಯೋಜನೆ ಎಂದು ಕೇಳಿದರು. ಮೇಡಂ ಕಣ್ಣು ಮಿಟುಕಿಸಲು ಬೇಕಾದಷ್ಟೇ ಹೊತ್ತು ತೆಗೆದುಕೊಂಡರು. ತಮ್ಮ ಮನಸ್ಸಿನಲ್ಲಿ ಬಹಳ ದಿನದಿಂದ ಇದ್ದದ್ದು ಇದೇ, ಬೈಂಡರನ ಮೂಲಕ ಪ್ರಯೋಗವಾಗಿ ಮಾಡಿ ನೋಡಿದ್ದು ಎಂದರು. ಬಾಗಿಲಲ್ಲಿ ಫೋನಿನ ಪೆಟ್ಟಿಗೆ ಹಿಡಿದು ನಿಂತಿದ್ದ ಕಾವಲುಗಾರ ಅದನ್ನು ಮೆಲ್ಲಗೆ ಕುರ್ಚಿಯ ಅಡಿಗೆ ಸರಿಸಿದ.

ಗ್ರಂಥಾಲಯವನ್ನು ಮುಚ್ಚುವುದಿಲ್ಲ ಎಂದು ಅಧ್ಯಕ್ಷರು ಅಲ್ಲೇ ಘೋಷಿಸಿದರು. ಕಣ್ಣು ಮಂಜಾದವರು ಊರ ತುಂಬಾ ಇದ್ದಾರೆ, ಅವರೆಲ್ಲರಿಗೂ ಇಂಥ ಯಂತ್ರ ಸಿಗಬೇಕು, ಹೊಸ ಪುಸ್ತಕದ ಖರ್ಚೆಲ್ಲ ಇನ್ನು ಇದಕ್ಕೇ ಎಂದರು. ಪಶುವೈದ್ಯರು ಹೂಂಗುಟ್ಟಿದರು. ವಕೀಲರು ಬರೆದುಕೊಂಡರು. ನಂಬರ್ ಬೈಂಡರನ ಪಕ್ಕ ಬಂದು ನಿಂತು, ಅವನ ತೋಳನ್ನೊಮ್ಮೆ ಮುಟ್ಟಿ ಕೈ ತೆಗೆದ.

ಬೈಂಡರನ ಎದೆಯ ಮೇಲಿಂದ ಕಲ್ಲು ಸರಿದಂತಾಯಿತು. ಗ್ರಂಥಾಲಯ ಉಳಿಯಿತು, ನಂಬರ್ ಉಳಿದ, ತಾನು ಸಿಕ್ಕಿಬಿದ್ದೂ ಉಳಿದ. ಅಧ್ಯಕ್ಷರನ್ನು ಕಾರಿನವರೆಗೆ ಬೀಳ್ಕೊಡಲು ಎಲ್ಲರ ಹಿಂದೆ ಅವನೂ ಹೋದ. ಅಧ್ಯಕ್ಷರು ಹಸಿರು ಸಂಪುಟವನ್ನು ಕಂಕುಳಲ್ಲೇ ಇಟ್ಟುಕೊಂಡಿದ್ದರು. ಮುಗಿಸಿ ಕಳಿಸುತ್ತೇನೆ ಎಂದಿದ್ದರು. ಮೆಟ್ಟಿಲಿಳಿದು, ಅವನನ್ನು ಹತ್ತಿರ ಕರೆದು ಭುಜದ ಮೇಲೆ ಕೈಯಿಟ್ಟರು.

"ನಿಮ್ಮ ಋಣ ತೀರಿಸೋಕಾಗಲ್ಲ. ಆ ಕಣ್ಣು ಇಟ್ಕೊಂಡು ಸೂಜಿ ದಾರದ ಜೊತೆ ಇಷ್ಟು ದಿನ ಒದ್ದಾಡಿದ್ದೀರಿ. ಇನ್ನು ಬೇಡ. ಈ ಯಂತ್ರ ಬಂದ್ಮೇಲೆ ಇಲ್ಲಿ ಬೈಂಡ್ ಮಾಡೋಕೆ ಏನಿರುತ್ತೆ? ಹುದ್ದೆ ತೆಗೆದುಹಾಕಿ ಅಂತ ನಾಳೆನೇ ಬರೆಸ್ತೀನಿ. ಕಣ್ಣಿನ ಸರ್ಟಿಫಿಕೇಟ್ ನಾನೇ ಮಾಡಿಸಿಕೊಡ್ತೀನಿ. ಮನೇಲಿ ಹಾಯಾಗಿ ಇರಿ."

ಬೈಂಡರ್ ಏನೋ ಹೇಳಲು ಹೋದ. ಅಷ್ಟರಲ್ಲಿ ಗುಮಾಸ್ತ ಮುಂದೆ ಬಂದು ಅಧ್ಯಕ್ಷರ ಕೈಗೆ ಪೆನ್ನು ಕೊಟ್ಟು, ಅವತ್ತಿನ ಸಭೆಯ ಕಾಗದದಲ್ಲಿ ಎಲ್ಲಿ ಸಹಿ ಹಾಕಬೇಕೋ ಅಲ್ಲಿ ಬೆರಳಿಟ್ಟು ತೋರಿಸಿದ. ಅಧ್ಯಕ್ಷರು ಸಹಿ ಹಾಕಿ ಕಾರು ಹತ್ತಿದರು. ಮೇಡಂ ಚಪ್ಪಾಳೆ ತಟ್ಟಿದರು. ಎಲ್ಲರೂ ತಟ್ಟಿದರು.

ಮುಂದಿನ ಸೋಮವಾರ ಇಬ್ಬರು ಎಲೆಕ್ಟ್ರಿಷಿಯನ್ನರು ಬಂದು, ಪುಸ್ತಕ ಒತ್ತುವ ಕಬ್ಬಿಣದ ಪ್ರೆಸ್ಸನ್ನು ಅಂಗಳಕ್ಕೆ ಎಳೆದುಹಾಕಿ, ಬೈಂಡಿಂಗ್ ಕೋಣೆಯ ನಾಲ್ಕೂ ಗೋಡೆಗೆ ಚಾರ್ಜಿಂಗ್ ಪ್ಲಗ್ಗುಗಳನ್ನು ಕೂರಿಸಿದರು.